ಗಿಳಿಯ ರ‍್ಯಾಪ್

ಒಂದೂರಿನಲ್ಲಿ ಒಬ್ಬ ಅಪ್ಪ, ಒಬ್ಬಳು ಅಮ್ಮ, ಇಬ್ಬರ ನಡುವೆ ಒಂದು ಗಿಳಿ ಇತ್ತು. ಗಿಳಿಯೆಂದರೆ ರೆಕ್ಕೆಯಿದ್ದ ಗಿಳಿಯಲ್ಲ, ಅವರ ಮಗಳು. ಯಾವ ಕಾಲದಲ್ಲೋ ಮುನಿಸಿಕೊಂಡ ಅಪ್ಪ ಅಮ್ಮ ಒಂದೇ ಸೂರಿನಡಿ ಇದ್ದುಕೊಂಡೇ ಮಾತು ಬಿಟ್ಟಿದ್ದರು. "ನಲ್ಲಿ ನೀರು ಬಂತು ಅಂತ ನಿಮ್ಮಪ್ಪಂಗೆ ಹೇಳು" ಎಂದು ಒಳಗಿನಿಂದ ಒಂದು ದನಿ. "ಕೇಳಿಸ್ತು ಅಂತ ನಿಮ್ಮಮ್ಮಂಗೆ ಹೇಳು" ಎಂದು ಹೊರಗಿನಿಂದ ಇನ್ನೊಂದು. ಹೀಗೆ ಮಾತು ಹೊತ್ತೂ ಹೊತ್ತೂ ಗಿಳಿಯ ನಾಲಿಗೆ ಎಷ್ಟು ಚುರುಕಾಯಿತೆಂದರೆ, ದೊಡ್ಡವಳಾದ ಮೇಲೆ ಅವಳು ರ‍್ಯಾಪ್ ಹಾಡತೊಡಗಿದಳು.

ಅಪ್ಪ ಅಮ್ಮನ ಮೇಲೆ ಕಟ್ಟಿದ 'ಹೇಳು ಹೇಳು' ಎಂಬ ಅವಳ ಮೊದಲ ಹಾಡು ಶುಕ್ರವಾರ ಬಿಡುಗಡೆಯಾಯಿತು. ಭಾನುವಾರದ ಹೊತ್ತಿಗೆ ಬಸ್ಸಿನಲ್ಲಿ, ಲಾಂಡ್ರಿಯಲ್ಲಿ, ಪಕ್ಕದ ಮನೆಯ ಬಚ್ಚಲಲ್ಲಿ ಅದೇ ಹಾಡು. ಎಲ್ಲೆಲ್ಲಿಯದೋ ಗಂಡ ಹೆಂಡಿರು ಬೆನ್ನಿಗೆ ಬೆನ್ನು ಹಾಕಿ ಕೂತು, ಅದಕ್ಕೆ ಬಾಯಿ ಆಡಿಸಿ ವಿಡಿಯೊ ಬಿಟ್ಟರು.

ಸೋಮವಾರ ಬೆಳಿಗ್ಗೆ ಲಿಫ್ಟಣ್ಣ ಅವಳು ಕೆಲಸಕ್ಕಿದ್ದ ಔಷಧಿ ಅಂಗಡಿಗೆ ಬಂದ. ಹಗಲು ಲಿಫ್ಟ್ ರಿಪೇರಿ ಮಾಡಿ, ಸಂಜೆ ತನ್ನ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ ಎಲ್ಲರ ಹಾಡು ರೆಕಾರ್ಡ್ ಮಾಡಿಕೊಡುವವನು ಅವನೇ. ಅವನ ಗುಂಪಿಗೊಂದು ನಿಯಮವಿತ್ತು: ಯಾರ ಮೇಲೆ ಹಾಡು ಕಟ್ಟಿದರೂ ಬಿಡುಗಡೆಗೆ ಮೊದಲು ಅವರ ಮುಖ ನೋಡಿಕೊಂಡು ಹಾಡಿ ಬರಬೇಕು. ಗಿಳಿಯೂ ಹಾಗೆಂದು ಮಾತು ಕೊಟ್ಟಿದ್ದಳು.

"ಅಪ್ಪ ಅಮ್ಮ ಏನಂದ್ರು?"

"ಯಾವುದಕ್ಕೆ?" ಎಂದವಳೇ ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ ತಾಯಿ! ಅವರೆದುರು ಹಾಡಾಯ್ತು ಅಂತ ನನ್ನ ಮುಂದೆ ತಲೆ ಆಡಿಸಿದ್ಯಲ್ಲೇ!"

"ಹಾಡ್ತೀನಣ್ಣ. ಅವರಿಬ್ಬರೂ ಒಂದು ಕಡೆ ನಿಲ್ಲೋದೇ ಇಲ್ಲ, ನಾನೇನ್ ಮಾಡ್ಲಿ?"

"ಎದುರಿಗೆ ಹಾಡಿದ್ರೆ ರ‍್ಯಾಪು, ಬೆನ್ನ ಹಿಂದೆ ಹಾಡಿದ್ರೆ ಚಾಡಿ. ಇವತ್ತು ಸಂಜೆಯೊಳಗೆ ಇಬ್ಬರ ಮುಂದೆಯೂ ಹಾಡು. ಇಲ್ಲ ಅಂದ್ರೆ ಹಾಡನ್ನ ನೆಟ್ಟಿಂದ ತೆಗೆದುಬಿಡ್ತೀನಿ."

ಗಿಳಿಗೆ ಬೈಗುಳದ ಭಯವಿರಲಿಲ್ಲ. ಆ ಮನೆ ನಿಂತಿದ್ದೇ ಮೌನದ ಮೇಲೆ. ಅದನ್ನು ಅಲ್ಲಾಡಿಸಿದರೆ ಇಬ್ಬರಲ್ಲಿ ಒಬ್ಬರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರೆ? ಮೊದಲು ಅಪ್ಪನೊಬ್ಬನಿಗೇ ಹೇಳಿ ನೋಡೋಣವೆಂದು ಮಧ್ಯಾಹ್ನ ಅವನ ಕ್ಷೌರದಂಗಡಿಗೆ ಹೋದಳು. ಕನ್ನಡಿಯ ಕೆಳಗೆ ಫೋನಿಟ್ಟುಕೊಂಡು ಅಪ್ಪ ಅದೇ ಹಾಡಿಗೆ ತಲೆದೂಗುತ್ತ ಒಬ್ಬನ ಗಡ್ಡ ಹೆರೆಯುತ್ತಿದ್ದ. ಲಿಫ್ಟಣ್ಣ ಅವಳ ದನಿಯನ್ನು ಬಾವಿಯೊಳಗಿನಿಂದ ಬಂದ ಹಾಗೆ ತಗ್ಗಿಸಿದ್ದರಿಂದ ಹೆತ್ತವನಿಗೂ ಗುರುತು ಹತ್ತಿರಲಿಲ್ಲ.

"ಕೇಳಿದ್ಯೇನಮ್ಮ ಇದನ್ನ? ಹೆಂಗೆ ಉಗೀತಾಳೆ ನೋಡು! ಪಾಪ, ಎಂಥ ಅಪ್ಪ ಅಮ್ಮಂಗೆ ಹುಟ್ಟಿದ್ಳೋ."

"ನಮ್ಮನೇಲೂ ಇದೇ ಕಥೆ" ಎಂದ ಗಿರಾಕಿ, ನೊರೆಯೊಳಗಿನಿಂದ.

"ಅಲ್ಲಾಡ್ಬೇಡಿ ಸ್ವಾಮಿ, ಕಿವಿ ಹೋದೀತು."

ಗಿಳಿ ಬಾಯಿ ಬಿಡದೆ ವಾಪಸು ಬಂದಳು.

ಸಂಜೆ ಅಪ್ಪ ಜಗಲಿಯಲ್ಲಿದ್ದ, ಅಮ್ಮ ಒಳಕೋಣೆಯಲ್ಲಿ ಹೊಲಿಗೆಗೆ ಕೂತಿದ್ದಳು. ಗಿಳಿ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ, "ನಿಮ್ಮಿಬ್ಬರಿಗೂ ಒಂದು ವಿಷಯ ಹೇಳ್ಬೇಕು" ಎಂದಳು. ಮದುವೆಯ ವಯಸ್ಸಿನ ಮಗಳಿರುವ ಮನೆಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಅಪ್ಪ ಒಂದೇ ಚಪ್ಪಲಿಯಲ್ಲಿ, ಅಮ್ಮ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಓಡಿಬಂದರು. "ಯಾರವನು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು, ಒಟ್ಟಿಗೇ ಕೇಳಿದ್ದಕ್ಕೆ ಆಚೆಗೊಬ್ಬರು ಈಚೆಗೊಬ್ಬರು ಮುಖ ತಿರುಗಿಸಿಕೊಂಡರು.

ಗಿಳಿ ತೊಡೆ ತಟ್ಟಿಕೊಂಡು ಶುರುಮಾಡಿದಳು. ಮೊದಲ ಸಾಲಿಗೇ ಅಪ್ಪನ ಮುಖ ಬಿಳಿಚಿತು. ಅಮ್ಮನ ಹಲ್ಲಿನಿಂದ ದಾರ ಜಾರಿತು. ಗಿಳಿಯ ನಾಲಿಗೆ ಮಾತ್ರ ನಿಲ್ಲಲಿಲ್ಲ.

"ಟಾರ್ಚಿನ ಸೆಲ್ಲು ಸತ್ತಿದ್ದಕ್ಕೆ ಮಾತಿನ ಸೆಲ್ಲೂ ಕಿತ್ತಿಟ್ರು..."

"ಜಗಳ ಟಾರ್ಚಿಗಲ್ಲ" ಎಂದ ಅಪ್ಪ, ತಗ್ಗಿದ ದನಿಯಲ್ಲಿ. "ಛತ್ರಿಗೆ. ನಿಮ್ಮಮ್ಮ ಬಸ್ಸಲ್ಲಿ ಬಿಟ್ಟು ಬಂದಿದ್ಳು."

"ಬಿಟ್ಟಿದ್ದು ನಾನಾ?" ಅಮ್ಮ ಗಿರ್ರನೆ ತಿರುಗಿದಳು. "ಸೀಟಿನ ಕೆಳಗೆ ತುರುಕಿದೋರು ಯಾರು?"

"ತುರುಕಿದ್ದು ನಾನೇ ಕಣೇ! ಇಳಿಯೋವಾಗ ತಗೋ ಅಂದಿರ್ಲಿಲ್ವಾ ನಿಂಗೆ?"

"ಯಾವಾಗ ಅಂದ್ರಿ? ನಿದ್ದೆ ಮಾಡ್ತಿದ್ರಿ ನೀವು, ಬಾಯಿ ತೆಕ್ಕೊಂಡು!"

"ನಾನಾ? ನಿದ್ದೆನಾ?"

ಗಿಳಿ ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಆ ಮನೆಯಲ್ಲಿ ಅವಳ ಹಾಡು ಕೇಳುವವರು ಯಾರೂ ಉಳಿದಿರಲಿಲ್ಲ. ಮಾತು ಕೊಟ್ಟಿದ್ದಳಲ್ಲ, ಒಂದಕ್ಷರವನ್ನೂ ಬಿಡದೆ ಹಾಡಿ ಮುಗಿಸಿದಳು.