ಕೊರವನ ಉಪವಾಸ

ಕೊಂಡಜ್ಜಿ ಕೆರೆಯಿಂದ ತಂದು ಗಾಜಿನ ತೊಟ್ಟಿಯಲ್ಲಿ ಸಾಕಿದ ಕುಳ್ಳ ಕೊರವ ಮೀನು ಹರಿಹರೇಶ್ವರನಿಗೆ ಹರಕೆ ಹೊತ್ತು ಎಂಟು ದಿನದಿಂದ ಕಟ್ಟುಪವಾಸ ಕೂತಿದೆ ಎಂದು ದಾವಣಗೆರೆಯ ಹತ್ತಿ ಗಿರಣಿಯ ಗುಡ್ಡಪ್ಪ ಕೈಲಾಸಕ್ಕೇ ಕೇಳುವಂತೆ ಸಾರಿದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಹಂಪವ್ವ ಒಂದು ಎರೆಹುಳ ತಂದು ನೀರಿಗೆ ಬಿಟ್ಟಳು. ಹುಳ ಮೂತಿಗೇ ತಾಗಿದರೂ ಮೀನು ಬಾಯಿ ಹಾಕಲಿಲ್ಲ.

“ನೋಡವ್ವ, ನಿನ್ನ ಹೆರಿಗೆ ಸಸೂತ್ರ ಆಗಲಿ ಅಂತ ಉಪವಾಸ ಹಿಡಿದೈತೆ. ಇದರ ಭಕ್ತಿ ಕಂಡು ಪೂಜಾರಪ್ಪನೇ ಬಂದು ಅಡ್ಡಬಿದ್ದು ಹೋದ.”

ಹಂಪವ್ವ ಬಗ್ಗಿ ನೋಡಿದಳು. ಮೀನಿನ ಗದ್ದ ಉಬ್ಬಿತ್ತು. ಅದು ಕೊಂಚ ಬಾಯಿ ತೆರೆದಾಗ ಒಳಗೆ ನವಣೆ ಕಾಳಿನಂಥ ಮೊಟ್ಟೆಗಳು ಕಂಡವು.

“ಅಪ್ಪಯ್ಯ, ಬಾಯಾಗ ಮೊಟ್ಟೆ ಇಟ್ಕಂಡೈತೆ. ಪಾಪ, ತಾಯಿ ಹೆಂಗೆ ತಿಂದಾತು?”

“ತಾಯಲ್ಲ, ಗಂಡದು. ಮರಿ ಆಗೋತನಕ ಅಪ್ಪನೇ ಹಿಂಗೆ ಕಾಯ್ತಾನೆ.”

“ಹಂಗಾದ್ರೆ ಹರಕೆ ಯಾರ್ದು? ನಾ ಕಟ್ಟಿಕೊಟ್ಟ ಬುತ್ತಿ ದಿನಾ ಹಂಗೇ ವಾಪಸ್ ಬರ್ತೈತಲ್ಲ, ಯಾಕ?”

ಗುಡ್ಡಪ್ಪ ತೇಲುತ್ತಿದ್ದ ಹುಳವನ್ನು ಬೆರಳಿನಿಂದ ಎತ್ತಿ ಹೊರಗಿಟ್ಟ.

“ನಂದವ್ವ,” ಎಂದ. “ನಿನ್ನ ಹೆತ್ತು ನಿಮ್ಮವ್ವ ಉಸಿರು ಬಿಟ್ಟಾಗ ನಾನು ಹೊಟ್ಟೆ ತುಂಬ ಉಂಡು ಮಲಗಿದ್ದೆ.”