ನೀಲಿ ಪರದೆಗೆ ಕಟ್ಟಿದ ನಿಂಬೆಹಣ್ಣು

ಓದಿದವರ ದಡ್ಡತನ ಎಷ್ಟಿರುತ್ತದೆ ಎಂದು ನೋಡಬೇಕೇ? ಇದನ್ನು ಪೂರ್ತಿ ಓದಿ...

ಗದಗಿನಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬ್. ದಿನಾ ಬೆಳಿಗ್ಗೆ ಅಲ್ಲಿನ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿತ್ತು.

ಎಲ್ಲರೂ ಡಿಗ್ರಿ ಮಾಡಿದವರು. ಹಾಗಾಗಿ ಮಾನಿಟರ್‌ಗೆ ನಿಂಬೆಹಣ್ಣು ಕಟ್ಟಿದರು!

ಅದಕ್ಕೂ ಜಗ್ಗದಿದ್ದಾಗ, ಕೌಂಟರ್‌ಗೆ ಹೊಸದಾಗಿ ಸೇರಿದ್ದ ಶೈಲಾಳ ಮೇಲೆ ಎಲ್ಲರ ಕಣ್ಣು ಬಿತ್ತು.

“ಆಕಿ ಬಂದಾಗಿಂದ ಹಿಂಗಾಗೇತಿ. ಗಂಡನ್ನ ನುಂಗಿದಾಕಿ... ಕಾಲ್ಗುಣ ನೋಡ್ರಿ!”

ಮಾಲೀಕರಂತೂ ಇನ್ನೂ ಬುದ್ಧಿವಂತರು. “ತಿಂಗಳು ತುಂಬಿದ ಮ್ಯಾಲ ಕೆಲಸಕ್ಕ ಬರಬ್ಯಾಡವಾ,” ಎಂದುಬಿಟ್ಟರು. ಅವಳ ಮಗಳ ಓದು, ಊಟ ಎಲ್ಲ ಆ ಕೆಲಸದ ಮೇಲೇ ನಿಂತಿತ್ತು.

ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವನು ಇಂಜಿನಿಯರ್ ವಿರೂಪಾಕ್ಷಿ. ಗೋಡೆ ತುಂಬ ಸರ್ಟಿಫಿಕೇಟು... ಬರುತ್ತಿದ್ದ ವಿದ್ಯೆ ಮಾತ್ರ ಆಫ್ ಮಾಡಿ ಆನ್ ಮಾಡುವುದು!

ಶೈಲಾ ಕಣ್ಣೊರೆಸಿಕೊಂಡು ಅವನನ್ನು ಕೇಳಿದಳು:

“ಸರ, ನಿಲ್ಲೂ ಮುಂದ ‘ಮಾಹಿತಿ ಕೂಡಿಸಾಕತ್ತೀನಿ’ ಅಂತ ಪರದೆ ಮ್ಯಾಲ ಬರತೈತಲ್ರೀ... ಅದನ್ನ ಯಾರು ಓದ್ತಾರ?”

“ಅದು ಕ್ರ್ಯಾಶ್ ಡಂಪ್. ಬರೇ ಕಸ. ನಾನ ಡಿಲೀಟ್ ಮಾಡ್ತೀನಿ.”

“ಓದಲಾರದನ ಅದು ಕಸ ಅಂತ ಹೆಂಗ ಗೊತ್ತಾತ್ರೀ?”

ಇಂಜಿನಿಯರ್ ಮುಖ ಹುಳ್ಳಗಾಯಿತು. ಕಂಪ್ಯೂಟರ್ ಕೆಟ್ಟು ನಿಲ್ಲುವ ಗಳಿಗೆಯಲ್ಲಿ ಒಳಗೆ ಏನು ನಡೆದಿತ್ತು ಎಂದು ತಾನೇ ಬರೆದಿಡುವ ಫೈಲ್ ಅದು. ಮಹಾಶಯನಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಅಷ್ಟೇ!

ನಾಚಿಕೆಯಾದರೂ ಆಯಿತಲ್ಲ, ಪುಣ್ಯ... ವೀಡಿಯೊ ನೋಡಿ, ಗೆಳೆಯರ ತಲೆ ತಿಂದು ಕಲಿತ. ಮೊದಲು ತಪ್ಪಾಗಿ ಓದಿ, ಸರಿಯಿದ್ದ ರ‍್ಯಾಮನ್ನೇ ಬದಲಿಸಿದ. ಮರುದಿನ ಮತ್ತೆ ನೀಲಿ ಪರದೆ!

ಬಿಡದೆ ಓದಿದ. ಪ್ರತಿ ಡಂಪ್‌ನಲ್ಲೂ ಒಂದೇ ಹೆಸರು... ಹಾಜರಿಗೆ ಹೆಬ್ಬೆರಳು ಒತ್ತುವ ಮಷಿನ್‌ನ ಸಾಫ್ಟ್‌ವೇರ್. ಶೈಲಾ ಸೇರಿದ ವಾರವೇ ಅದನ್ನು ಹಾಕಿದವನು ಸ್ವತಃ ವಿರೂಪಾಕ್ಷಿ!

ರಾತ್ರಿಯೆಲ್ಲ ಸುಮ್ಮನಿದ್ದ ಮಷಿನ್, ಬೆಳಿಗ್ಗೆ ಮೊದಲ ಬೆರಳು ಬಿದ್ದ ಕೂಡಲೇ ಕಂಪ್ಯೂಟರನ್ನು ಕೆಡವುತ್ತಿತ್ತು. ಮೊದಲ ಬೆರಳು ಯಾರದು? ಹೊತ್ತಿಗೆ ಸರಿಯಾಗಿ ಬರುತ್ತಿದ್ದ ಶೈಲಾಳದು. ಉಳಿದವರ ಕಾಲ್ಗುಣ ಚೆನ್ನಾಗಿದ್ದದ್ದು ತಡವಾಗಿ ಬರುತ್ತಿದ್ದುದರಿಂದ!

“ತಪ್ಪು ನಂದ್ರೀ, ಆಕಿದಲ್ಲ,” ಎಂದು ವಿರೂಪಾಕ್ಷಿ ಆ ಸಾಫ್ಟ್‌ವೇರ್ ಕಿತ್ತುಹಾಕಿ ಎಲ್ಲರೆದುರು ಒಪ್ಪಿಕೊಂಡ.

ಮಾಲೀಕರು ಭಿಕ್ಷೆ ಹಾಕುವವರಂತೆ ನಕ್ಕರು. “ಆತು ಬಿಡವಾ, ಕೆಲಸಕ್ಕ ಬಾ.”

ಶೈಲಾಳಿಗೆ ಅಳು ತಡೆಯಲಾಗಲಿಲ್ಲ...

“ಮಷಿನ್ ಸತ್ತರ ಯಾಕ ಸತ್ತಿತು ಅಂತ ಇಷ್ಟು ಹುಡುಕಿದ್ರಿ. ನನ್ನ ಗಂಡಗ ಬಿ.ಪಿ. ಇತ್ತು, ಗುಳಿಗಿ ಬಿಟ್ಟಿದ್ರು. ಅವರು ಸತ್ತಾಗ ಅದನ್ನ ಒಬ್ರೂ ಕೇಳ್ಲಿಲ್ರೀ... ಸೊಸಿ ಕಾಲ್ಗುಣ ಅಂದ್ರು.”

ಅಷ್ಟು ಜನ ವಿದ್ಯಾವಂತರಲ್ಲಿ ಒಬ್ಬರು ಮೆಲ್ಲನೆ ಮಾನಿಟರ್‌ನ ನಿಂಬೆಹಣ್ಣು ಬಿಚ್ಚಿದರು.

*ಕಾರಣ ಹುಡುಕಲು ಸೋಮಾರಿಯಾದವನು ತಪ್ಪನ್ನು ಯಾರಾದರೊಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾನೆ.*

ನಿಮ್ಮ ಮನೆಯಲ್ಲಿ ಹೀಗೆ ಯಾರ ತಲೆಗೆ ಕಟ್ಟಿದ್ದೀರಿ...?