ಪಂಚೆಯ ಆ ಕಡೆ

ನಡುಮನೆಗೆ ಅಡ್ಡಲಾಗಿ ಕಟ್ಟಿದ್ದ, ತೀರಿಹೋದ ಮಾವನ ಬಿಳಿ ಪಂಚೆಯ ಮೇಲೆ ಚಿತ್ರ ಮೂಡಿದ್ದೇ ತಡ, ಅತ್ತೆ ಮುನಿತಾಯಮ್ಮ ಎದ್ದು ಚಾಪೆ ಸುತ್ತಿಕೊಂಡು ಪಂಚೆಯ ಹಿಂದಕ್ಕೆ ಹೋಗಿಬಿಟ್ಟಳು. ಮಗ್ಗದ ಬಾಬಿನ್ ಡಬ್ಬದ ಮೇಲೆ ಹೊಸ ಪ್ರೊಜೆಕ್ಟರ್ ಇಟ್ಟು, ಅದರಡಿ ರಟ್ಟು ತುರುಕಿ ಚಿತ್ರ ನೆಟ್ಟಗೆ ಮಾಡುತ್ತಿದ್ದ ಸೊಸೆ ರಮ್ಯಳ ಮುಖ ಸಣ್ಣಗಾಯಿತು. ಅಂಗೈಯಗಲದ ಆ ಪೆಟ್ಟಿಗೆಯನ್ನು ಅವಳು ಆರಿಸಿ ತರಿಸಿದ್ದೇ ಅತ್ತೆಗಾಗಿ.

“ಅತ್ತೆ, ಆ ಕಡೆ ಎಲ್ಲಾ ಉಲ್ಟಾ ಕಾಣ್ಸುತ್ತೆ. ಮುಂದೆ ಬನ್ನಿ.”

“ಕಾಣ್ಸ್ಲಿ ಬಿಡವ್ವ. ನಮ್ಮೂರ ಟೆಂಟ್ ಸಿನಿಮಾದಲ್ಲಿ ಪರದೆ ಹಿಂದೆ ಕೂರೋರಿಗೆ ಟಿಕೆಟ್ ಇರ್ಲಿಲ್ಲ. ಹಂಗೇ ನೋಡಿ ಬೆಳೆದೋಳು ನಾನು. ಮದುವೆಯಾದ ಹೊಸದ್ರಲ್ಲಿ ನಿಮ್ಮಾವ ಟಿಕೆಟ್ ತಗಂಡು ಮುಂದೆ ಕೂರಿಸಿದ್ರು. ಇದ್ಯಾಕೆ ಚಿತ್ರ ತಿರುಗಾಮುರುಗಾ ಓಡ್ತೈತೆ ಅಂದ್ಬಿಟ್ಟೆ. ಎಷ್ಟು ನಕ್ರು ಅಂತೀಯ. ನಗ್ತಾನೇ ಎದ್ದು ನನ್ ಜೊತೆ ಹಿಂದಕ್ಕೆ ಬಂದು ಕೂತ್ರು. ಆಮೇಲೆ ಯಾವತ್ತೂ ಮುಂದೆ ಕೂರ್ಲೇ ಇಲ್ಲ.”

ಕೈಹಿಡಿದು ಕರೆತರೋಣವೆಂದು ರಮ್ಯ ಪಂಚೆ ಸರಿಸಿ ಹಿಂದೆ ಹೋದಳು. ಮುನಿತಾಯಮ್ಮ ಗೋಡೆಗೊರಗಿ, ಚಾಪೆಯ ಒಂದು ಅಂಚಿಗೆ ಒತ್ತಿಕೊಂಡು ಕೂತಿದ್ದಳು. ಉಳಿದರ್ಧ ಚಾಪೆ ಖಾಲಿಯಿತ್ತು. ರಮ್ಯ ಆ ಜಾಗ ತುಳಿಯದೆ ಸುತ್ತಿ ಬಂದು, ಪಕ್ಕದ ಬರಿನೆಲದ ಮೇಲೆ ಕೂತಳು.